ಹಸಿ ಮರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ಹಾನಗಲ್ಲಿನಲ್ಲಿ ನೀನು ಬಸ್ಸು ಹತ್ತುವಾಗ ನಾನು ಮಾತಿಲ್ಲದೆ ನಿಂತಿದ್ದು ಸಿಟ್ಟಿನಿಂದ ಎಂದು ನಿನ್ನ ಅವ್ವ ತಿಳಿದಿದ್ದಾಳೆ. ಜಗಳದಲ್ಲಿ ಯಾರು ಏನೆಂದರು ಎಂಬುದನ್ನು ಇಬ್ಬರೂ ಬಲ್ಲೆವು, ಅದನ್ನು ಬಿಡುತ್ತೇನೆ. ನನ್ನ ನಿದ್ದೆ ಕೆಡಿಸುತ್ತಿರುವುದು ನಮ್ಮೂರ ದ್ಯಾಮವ್ವನ ಮೂರ್ತಿಯ ಎಡಗೆನ್ನೆ.

ಆ ಮೂರ್ತಿಯನ್ನು ಕೆತ್ತಬೇಕಿದ್ದ ಹಲಸಿನ ತುಂಡನ್ನು ಬೆರಳಿನಿಂದ ಬಡಿದು, "ಅಪ್ಪಾ, ಇದರ ಸಪ್ಪಳ ಇನ್ನೂ ಹಸಿ ಐತಿ" ಎಂದು ನೀನು ಹೇಳಿದಾಗ ಜಾತ್ರೆಗೆ 4 ತಿಂಗಳು ಉಳಿದಿತ್ತು, ಹಿರಿಯರು ವೀಳ್ಯ ಕೊಟ್ಟು ಹೋಗಿದ್ದರು, ದೇವಿಯ ಕೆಲಸದಲ್ಲಿ ಹೆಣ್ಣುಮಕ್ಕಳು ಬಾಯಿ ಹಾಕಬಾರದೆಂದು ನಾನು ಗದರಿಸಿದೆ. ಕಣ್ಣು ಬರೆಯುವ ಹಿಂದಿನ ರಾತ್ರಿ ಕಿವಿಯಿಂದ ತುಟಿಯ ಅಂಚಿನವರೆಗೆ ಕೂದಲೆಳೆಯಷ್ಟು ಬಿರುಕು ಕಂಡಿತು. ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ಮೆತ್ತುವ ಕಿಟ್ಟದಂತೆ ಗೋಣಿನಾರಿನ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ತುಂಬಿದೆ. ಬ್ಯಾಟರಿ ಹಿಡಿದು ನಿಂತವಳು ನೀನು. "ನಾ ಹೇಳಿರಲಿಲ್ಲೇನು" ಎಂದು ಒಮ್ಮೆ ಅಂದಿದ್ದರೆ ನನಗೆ ಹಗುರಾಗುತ್ತಿತ್ತು, ನೀನು ಅನ್ನಲಿಲ್ಲ. ಮರುದಿನ ಹೆಂಗಸರು ಉಡಿ ತುಂಬುವಾಗ ನಾನು ಆ ಕೆನ್ನೆಯನ್ನೇ ನೋಡುತ್ತಿದ್ದೆ. 3 ವರ್ಷವಾಯಿತು, ಬೇಸಿಗೆ ಬಂತೆಂದರೆ ಈಗಲೂ ಗುಡಿಗೆ ಹೋಗಿ ಅದನ್ನು ನೋಡಿ ಬರುತ್ತೇನೆ. ಪೂಜಾರಿಯವರು ಇದನ್ನು ಭಕ್ತಿಯೆಂದುಕೊಂಡಿದ್ದಾರೆ.

ತಪ್ಪು ನನ್ನದು. ಮರದ್ದಲ್ಲ, ನಿನ್ನದಂತೂ ಅಲ್ಲವೇ ಅಲ್ಲ.

ನೀನು ಕೆತ್ತನೆ ಕಲಿಯಲು ಹೋಗಿರುವ ಕಾರ್ಕಳದ ಮಿಯ್ಯಾರಿನಲ್ಲಿ ಗುರುಗಳು ಕೊಡುವ ಮರ ಒಣಗಿದ್ದೇ ಇರುತ್ತದೆ, ಆದರೂ ಕೇಳು. ತಿರುಳು ಇರುವ ತುಂಡಿನಲ್ಲಿ ಮುಖ ಕೆತ್ತಬೇಡ. ಮರವು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಉಂಗುರದ ಸುತ್ತಿನಲ್ಲಿ ಸುಮಾರು 2 ಪಟ್ಟು ಕುಗ್ಗುವುದರಿಂದಲೇ ಇಡೀ ದಿಮ್ಮಿ ಬಿರಿಯುತ್ತದೆ. ಕರಾವಳಿಯ ತೇವದಲ್ಲಿ ಕೆತ್ತಿದ್ದು ನಮ್ಮ ಕಡೆಯ ಬಿಸಿಲಿಗೆ ಬಂದರೆ ಮತ್ತೆ ಕುಗ್ಗುತ್ತದೆ. ಉಳಿಯ ಬಾಯಿಯ ಮುಂದೆ ಎಡಗೈ ಬರಬಾರದು. ರಾತ್ರಿ ಮಂದ ಬೆಳಕಿನಲ್ಲಿ ಕೊಡತಿ ಎತ್ತಬೇಡ. ಇಷ್ಟನ್ನೂ ನೀನು ಬಲ್ಲೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನೀನು ಕಪಾಟಿನಲ್ಲಿ ಬಿಟ್ಟುಹೋದ ಗಿಳಿಯ ರೆಕ್ಕೆಯಷ್ಟು ತೆಳ್ಳಗೆ ನಮ್ಮ ಮನೆತನದಲ್ಲಿ ಯಾರೂ ಮರವನ್ನು ತೆಗೆದಿಲ್ಲ, ನಾನೂ ತೆಗೆದಿಲ್ಲ. ಈ ಮಾತನ್ನು ಓಣಿಯವರಿಗೆಲ್ಲ ಹೇಳಿದ್ದೇನೆ, ನಿನಗೆ ಮಾತ್ರ ಹೇಳಿರಲಿಲ್ಲ.

ಪಕ್ಕದ ಊರಿನವರು ದುರ್ಗವ್ವನ ಮೂರ್ತಿಯನ್ನು ಕೇಳಿದ್ದಾರೆ, ಬೇಗ ಬೇಕೆನ್ನುತ್ತಾರೆ. ಹಲಸಿನ ದಿಮ್ಮಿಯನ್ನು ಸೀಳಿಸಿ, ತುದಿಗಳಿಗೆ ಸಗಣಿ ಬಳಿದು, ಕೊಟ್ಟಿಗೆಯ ನೆರಳಿನಲ್ಲಿ ಇಟ್ಟಿದ್ದೇನೆ. ಅವರಿಗೆ ಇನ್ನೂ ದಿನ ಹೇಳಿಲ್ಲ. ರಜೆಗೆ ಬಂದಾಗ ನೀನು ಅದನ್ನು ಬಡಿದು ನೋಡಿ ಹೇಳು, ಆಮೇಲೆ ಹೇಳುತ್ತೇನೆ.

ನಿನ್ನ ಅಪ್ಪ