ಸ್ಯಾನ್ ಫ್ರಾನ್ಸಿಸ್ಕೋದಿಂದ, ಅಕ್ಕನ ಸಮಾಜ ಪಾಠಕ್ಕೆ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ.

ಯೂನಿವರ್ಸಿಟಿಯವರು ಒಂದು ದಿನ ಬಂದು ತರಬೇತಿ ಕೊಟ್ಟು ಹೋದರೆ ಪಾಠ ಸುಧಾರಿಸುತ್ತದೆಯೇ ಎಂದು ನೀನು ಕೇಳಿದ್ದೆ. ಇಲ್ಲ ಅಕ್ಕ. ಇಲ್ಲಿನ ಸರ್ಕಾರಿ ಶಾಲೆಗಳ ಜೊತೆ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯವರು ಮಾಡಿದ ಕೆಲಸದ ರೀತಿಯೇ ಬೇರೆ. ಐದು ಹೈಸ್ಕೂಲುಗಳಲ್ಲಿ ಆರು ತಿಂಗಳು, 11ನೇ ತರಗತಿಯ ಇತಿಹಾಸದಲ್ಲಿ ಕೆಲವು ಕಡೆ ಮೂಲ ದಾಖಲೆಗಳ (ಆ ಕಾಲದವರೇ ಬರೆದಿಟ್ಟ ಬರಹಗಳ) ಪಾಠ, ಉಳಿದ ಕಡೆ ಎಂದಿನ ಪಾಠ ನಡೆಯಿತು. ಸಂಶೋಧಕಿ ಅವಿಶಾಗ್ ರೈಸ್‌ಮನ್ 2012ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿದ್ದವರು 236 ಮಕ್ಕಳು. ದಾಖಲೆ ಓದಿದವರು ಇತಿಹಾಸದ ವಿಚಾರಶಕ್ತಿಯಲ್ಲಷ್ಟೇ ಅಲ್ಲ, ಇಸವಿ-ಘಟನೆಗಳ ನೆನಪಿನಲ್ಲೂ, ಓದಿ ಅರ್ಥ ಮಾಡಿಕೊಳ್ಳುವುದರಲ್ಲೂ ಮುಂದಿದ್ದರು. "ಇದನ್ನೆಲ್ಲ ಮಾಡುತ್ತ ಕೂತರೆ ಪೋರ್ಷನ್ ಮುಗಿಯುವುದಿಲ್ಲ" ಎನ್ನುವ ನಿಮ್ಮ ಸ್ಟಾಫ್ ರೂಮಿನವರಿಗೆ ಇದನ್ನು ಮೊದಲು ಹೇಳು.

ಪಾಠದ ಕ್ರಮ ಹೀಗೆ. ಮೊದಲು ಚಿಕ್ಕದಾಗಿ ಹಿನ್ನೆಲೆ. ಆಮೇಲೆ ಬೋರ್ಡಿನ ಮೇಲೆ ಒಂದೇ ಒಂದು ಪ್ರಶ್ನೆ: ಅಮೆರಿಕದ ಮೂಲನಿವಾಸಿ ಹುಡುಗಿ ಪೊಕಹಾಂಟಸ್ ನಿಜವಾಗಿಯೂ ಅಲ್ಲಿಗೆ ಬಂದಿದ್ದ ಇಂಗ್ಲಿಷಿನವ ಜಾನ್ ಸ್ಮಿತ್‌ನ ಜೀವ ಉಳಿಸಿದಳೇ? ಮಕ್ಕಳ ಕೈಗೆ ಸ್ಮಿತ್‌ನದೇ ಎರಡು ಬರಹ. 1608ರದ್ದರಲ್ಲಿ ಆ ಸಂಗತಿಯೇ ಇಲ್ಲ. 1624ರದ್ದರಲ್ಲಿ ಅವನನ್ನು ಕೊಲ್ಲಹೊರಟಾಗ ಅವಳು ಅಡ್ಡ ಬಂದು ಕಾಪಾಡುತ್ತಾಳೆ. ಓದುವ ಮೊದಲೇ ಕೇಳಬೇಕು: ಬರೆದವರು ಯಾರು, ಯಾವಾಗ, ಯಾರಿಗಾಗಿ? ಆಮೇಲೆ ಆ ಕಾಲದ ಸಂದರ್ಭ, ಇನ್ನೊಂದು ದಾಖಲೆಯೊಡನೆ ತಾಳೆ, ಪದಪದವಾಗಿ ಓದು.

ಯೂನಿವರ್ಸಿಟಿಯವರ ನಿಜವಾದ ದುಡಿಮೆ ಇರುವುದು ದಾಖಲೆ ಸಿದ್ಧಪಡಿಸುವುದರಲ್ಲಿ. ಹಳೆಯ ಭಾಷೆಯನ್ನು ತಿಳಿಯಾಗಿಸಿ 200-250 ಪದಗಳಿಗೆ ಇಳಿಸಬೇಕು, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕು, ಮೂಲ ಪ್ರತಿಯನ್ನೂ ಜೊತೆಗೆ ಇಟ್ಟಿರಬೇಕು. ದಿನಕ್ಕೆ ಐದು ಪೀರಿಯಡ್ ತೆಗೆದುಕೊಳ್ಳುವ ಟೀಚರಿಗೆ ಇಷ್ಟಕ್ಕೆ ಪುರುಸೊತ್ತು ಎಲ್ಲಿ? ಹಾಗೆಯೇ, ಯಾವ ಸಾಲಿನಲ್ಲಿ ಮಕ್ಕಳು ಎಡವುತ್ತಾರೆಂದು ಟೀಚರ್ ಹೇಳದೆ ಯೂನಿವರ್ಸಿಟಿಗೆ ತಿಳಿಯುವುದಿಲ್ಲ.

ಕೆಡುವುದು ಚರ್ಚೆಯ ಹಂತದಲ್ಲಿ. ಆ ಅಧ್ಯಯನದಲ್ಲೂ ಇಡೀ ತರಗತಿ ಕೂಡಿ ಚರ್ಚಿಸಿದ್ದು ಅಪರೂಪ. ಓದಿಗೇ ಪೀರಿಯಡ್ ಕಳೆದುಹೋದರೆ ಬೆಲ್ಲಿನ ಭಯಕ್ಕೆ ಟೀಚರೇ ಉತ್ತರ ಹೇಳಿಬಿಡುವುದುಂಟು. ಇಲ್ಲವೇ ಮಕ್ಕಳು "ಎರಡೂ ಬರಹ ಸುಳ್ಳು" ಎಂದು ಕೈತೊಳೆದುಕೊಳ್ಳುತ್ತಾರೆ. ಆಗ "ಯಾವ ಸಾಲು ನೋಡಿ ಹಾಗೆ ಹೇಳಿದೆ?" ಎಂದು ಕೇಳದೆ ಬಿಡಬಾರದು.

ನಿನ್ನ 40 ನಿಮಿಷಕ್ಕೆ ಎರಡೇ ದಾಖಲೆ ಸಾಕು. ಕೊನೆಯ 15 ನಿಮಿಷ ಚರ್ಚೆಗೇ ಮೀಸಲಿಡು. ಕಿತ್ತೂರಿನ 1824ರ ಕದನದಿಂದಲೇ ಶುರುಮಾಡಬಹುದು: ಒಂದು ಕಡೆ ಕಂಪನಿ ಅಧಿಕಾರಿಗಳ ಕಾಗದ, ಇನ್ನೊಂದು ಕಡೆ ಲಾವಣಿ. ಕಾಗದವನ್ನು ಹುಡುಕಿ ಕನ್ನಡಕ್ಕೆ ಇಳಿಸಿಕೊಡಲು ಯೂನಿವರ್ಸಿಟಿಯ ಇತಿಹಾಸ ವಿಭಾಗದವರನ್ನು ಕೇಳು. ಲಾವಣಿ ಹಾಡುವವರು ನಿಮ್ಮ ಊರಲ್ಲೇ ಸಿಕ್ಕಾರು.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ