ವಚನ ಕಳುವಾಗಿಲ್ಲ, ಪುಟದ ಅಡಿಗೆ ಇಳಿದಿದೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೊಸ ಅನುವಾದದ ಬೈಬಲ್ ಒಂದನ್ನು ಕೈಗೆತ್ತಿಕೊಂಡು ಮತ್ತಾಯನ ಸುವಾರ್ತೆಯ 17ನೇ ಅಧ್ಯಾಯ ತೆರೆಯಿರಿ. 20ನೇ ವಚನ ಸಿಗುತ್ತದೆ, 22 ಸಿಗುತ್ತದೆ, ನಡುವಿನ 21 (ಪ್ರಾರ್ಥನೆ, ಉಪವಾಸಗಳ ಮಾತು) ಕಾಣುವುದಿಲ್ಲ. ಕೆಲವು ಮುದ್ರಣಗಳಲ್ಲಿ ಅದು ಆವರಣ ಚಿಹ್ನೆಯೊಳಗೆ ಇರುತ್ತದೆ, ಕೆಲವದರಲ್ಲಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ. ಮೊಬೈಲ್ ಆ್ಯಪ್‌ಗಳಲ್ಲಿ ಎಷ್ಟೋ ಸಲ ಬರೀ ಅಂಕಿ ಇದ್ದು ಅದರ ಮುಂದೆ ಖಾಲಿ. ಇದನ್ನೇ ತೋರಿಸಿ ‘ಹೊಸ ಬೈಬಲ್‌ಗಳಿಂದ ದೇವರ ವಾಕ್ಯ ಕಿತ್ತುಹಾಕಿದ್ದಾರೆ, ಎಚ್ಚರಿಕೆ’ ಎನ್ನುವ ಸಂದೇಶ ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಜತೆಗೆ ಒಂದು ಪಟ್ಟಿಯೂ ಇರುತ್ತದೆ. ಪಟ್ಟಿಯಲ್ಲಿ ಬಹುಪಾಲು ನಿಜವೇ. ಅದಕ್ಕೆ ಕೊಡುವ ಕಾರಣ ಮಾತ್ರ ಸುಳ್ಳು. ಈ ಸುಳ್ಳಿನಿಂದ ಹಿರಿಯರು ಹೊಸ ಅನುವಾದ ಮುಟ್ಟಲು ಹೆದರುತ್ತಾರೆ, ಹುಡುಗರು ಹಳೆಯದು ಹೊಸದು ಎರಡನ್ನೂ ಅನುಮಾನದಿಂದ ನೋಡುತ್ತಾರೆ. ಆದ್ದರಿಂದ ವಿಷಯವನ್ನು ಬಿಡಿಸಿ ಹೇಳಬೇಕೆಂದು ಈ ಪತ್ರ.

ಮೊದಲು ಅಂಕಿಯ ಮಾತು. ಸುವಾರ್ತೆ ಬರೆದವರು ಅಧ್ಯಾಯ, ವಚನ ಎಂದು ಎಣಿಸಿ ಬರೆದವರಲ್ಲ. ಈಗಿನ ಅಧ್ಯಾಯಗಳು 13ನೇ ಶತಮಾನದ ಆರಂಭದವು. ಹೊಸ ಒಡಂಬಡಿಕೆಗೆ ವಚನ ಸಂಖ್ಯೆ ಹಾಕಿದವನು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ, ಜಿನೀವಾದಲ್ಲಿ. ತನ್ನ ಮುಂದಿದ್ದ ಗ್ರೀಕ್ ಪಾಠಕ್ಕೆ (ಮೂಲ ಭಾಷೆಯ ಬರಹಕ್ಕೆ) ಅವನು ಅಂಕಿ ಹಾಕಿದ, ಆ ಪಾಠದಲ್ಲಿ ಮತ್ತಾಯ 17:21 ಇತ್ತು. ಅದಕ್ಕಿಂತ ಬಹಳ ಹಳೆಯ ಪ್ರತಿಗಳಲ್ಲಿ ಆ ವಚನ ಇಲ್ಲವೆಂದು ಮುಂದೆ ಗೊತ್ತಾದಾಗ ಸಂಪಾದಕರಿಗೆ ಉಳಿದದ್ದು ಎರಡೇ ದಾರಿ. 22ನ್ನು 21 ಎಂದು ತಿದ್ದಿ ಮುಂದಿನದನ್ನೆಲ್ಲ ಸರಿಸುವುದು, ಇಲ್ಲವೇ ಅಂಕಿಯನ್ನು ಖಾಲಿ ಬಿಡುವುದು. ಸರಿಸಿದ್ದರೆ ಶತಮಾನಗಳ ಪ್ರಸಂಗ, ವ್ಯಾಖ್ಯಾನ, ಪದಸೂಚಿಗಳ ಉಲ್ಲೇಖಗಳೆಲ್ಲ ತಪ್ಪಿಹೋಗುತ್ತಿದ್ದವು. ಹಾಗಾಗಿ ಖಾಲಿ ಬಿಟ್ಟರು. ಕದ್ದವನು ಲೆಕ್ಕದ ಪುಸ್ತಕದಲ್ಲಿ ಖಾಲಿ ಗೆರೆ ಉಳಿಸಿ ಹೋಗುವುದಿಲ್ಲ.

ಎಸ್ತಿಯೆನ್‌ನ ಮುಂದಿದ್ದ ಪಾಠ ಬಂದದ್ದು ಡಚ್ ವಿದ್ವಾಂಸ ಎರಾಸ್ಮಸ್‌ನಿಂದ. 1516ರಲ್ಲಿ ಬಾಸೆಲ್ ನಗರದಲ್ಲಿ ಎರಾಸ್ಮಸ್ ತನ್ನ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. (1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಬಾಸೆಲ್ ಇದೇ ಊರು.) ಅವನ ಕೈಯಲ್ಲಿದ್ದದ್ದು ಬೆರಳೆಣಿಕೆಯ ಗ್ರೀಕ್ ಪ್ರತಿಗಳು, ಹೆಚ್ಚಿನವು 12ನೇ ಶತಮಾನದ ಆಸುಪಾಸಿನವು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥಕ್ಕಂತೂ ಒಂದೇ ಪ್ರತಿ, ಅದರ ಕೊನೆಯ ಹಾಳೆಯೂ ಹರಿದುಹೋಗಿತ್ತು. ಕೊನೆಯ ವಚನಗಳನ್ನು ಅವನು ಲ್ಯಾಟಿನ್ನಿನಿಂದ ಗ್ರೀಕಿಗೆ ತಾನೇ ತಿರುಗಿಸಿಕೊಂಡ. ಪ್ರಕಟನೆ 22:19ರಲ್ಲಿ ಗ್ರೀಕ್ ಪ್ರತಿಗಳು ‘ಜೀವವೃಕ್ಷ’ ಎನ್ನುವಲ್ಲಿ ಅವನ ಪಾಠ ‘ಜೀವದ ಪುಸ್ತಕ’ ಎಂದು ಬಂದದ್ದು ಹೀಗೆ. ಲ್ಯಾಟಿನ್ನಿನಲ್ಲಿ ಮರಕ್ಕೆ ‘ಲಿಗ್ನೊ’, ಪುಸ್ತಕಕ್ಕೆ ‘ಲಿಬ್ರೊ’. ಎರಡಕ್ಷರ ತಪ್ಪಿದರೆ ಮರ ಪುಸ್ತಕವಾಗುತ್ತದೆ. ಎರಾಸ್ಮಸ್ ದೊಡ್ಡ ವಿದ್ವಾಂಸ, ಶ್ರದ್ಧೆಯಿಂದಲೇ ದುಡಿದ. ಅವನಿಗೆ ಸಿಕ್ಕ ಸಾಮಗ್ರಿ ಅಷ್ಟೇ ಇತ್ತು.

1611ರ ಕಿಂಗ್ ಜೇಮ್ಸ್ ಬೈಬಲ್ ನಿಂತದ್ದು ಈ ಪರಂಪರೆಯ ಮೇಲೆ. ನಮ್ಮ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಮಾಡಿದ ಕನ್ನಡ ಬೈಬಲ್ 1831ರ ಹೊತ್ತಿಗೆ ಪೂರ್ತಿಯಾಗಿ ಅಚ್ಚಾದಾಗಲೂ ಪ್ರೊಟೆಸ್ಟೆಂಟ್ ಅನುವಾದಕರ ಕೈಯಲ್ಲಿ ಸಾಮಾನ್ಯವಾಗಿ ಇದ್ದದ್ದು ಇದೇ ಬಗೆಯ ಗ್ರೀಕ್ ಪಾಠ. ಸೀನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದ 4ನೇ ಶತಮಾನದ ಹಸ್ತಪ್ರತಿಯಲ್ಲಿ ಹೊಸ ಒಡಂಬಡಿಕೆಯ ಭಾಗ ಜರ್ಮನ್ ವಿದ್ವಾಂಸ ಟಿಶೆಂಡಾರ್ಫ್‌ನ ಕಣ್ಣಿಗೆ ಬಿದ್ದದ್ದು 1859ರಲ್ಲಿ. ಅಷ್ಟೇ ಹಳೆಯದಾದ ವ್ಯಾಟಿಕನ್ ಪ್ರತಿಯ ಪಾಠ ವಿದ್ವಾಂಸರಿಗೆ ಸಲೀಸಾಗಿ ಸಿಕ್ಕಿದ್ದೂ 19ನೇ ಶತಮಾನದಲ್ಲೇ. ಈಜಿಪ್ಟಿನ ಪಪೈರಸ್ (ಜೊಂಡಿನಿಂದ ಮಾಡಿದ) ಹಾಳೆಗಳು ಸಿಕ್ಕಿದ್ದು ಇನ್ನೂ ಈಚೆಗೆ. ಇಂದು ಪಟ್ಟಿಯಾಗಿರುವ ಗ್ರೀಕ್ ಹಸ್ತಪ್ರತಿಗಳು 5,000ಕ್ಕೂ ಹೆಚ್ಚು. ಸೀನಾಯ್ ಪ್ರತಿಯ ಪುಟಗಳ ಚಿತ್ರ 2009ರಿಂದ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು.

ಇದು ಕನ್ನಡಿಗರಿಗೆ ಹೊಸ ವಿದ್ಯೆಯೇನಲ್ಲ. ಓಲೆಗರಿಗಳನ್ನು ಮುಂದಿಟ್ಟುಕೊಂಡು ಪಂಪನ, ಕುಮಾರವ್ಯಾಸನ ಪಾಠ ನಿರ್ಣಯಿಸಿದ ವಿದ್ವಾಂಸರು ಇದೇ ಕೆಲಸ ಮಾಡಿದರು. ಪಾಠಾಂತರ (ಪ್ರತಿಗಳ ನಡುವಿನ ವ್ಯತ್ಯಾಸ), ಪ್ರಕ್ಷಿಪ್ತ (ನಂತರ ಸೇರಿಸಿದ್ದು), ಲಿಪಿಕಾರನ ಸ್ಖಾಲಿತ್ಯ (ನಕಲಿನ ತಪ್ಪು) ಎಂಬ ಮಾತುಗಳು ಕನ್ನಡ ಎಂ.ಎ. ಓದಿದವರಿಗೆಲ್ಲ ಗೊತ್ತು. ಶರಣರ ವಚನಗಳಲ್ಲಿ ಯಾವುದು ಬಸವಣ್ಣನವರದು, ಯಾವುದು ನಂತರ ಸೇರಿದ್ದು ಎಂದು ಕೇಳಿದವರನ್ನು ಯಾರೂ ವಚನದ್ರೋಹಿ ಎನ್ನುವುದಿಲ್ಲ. ಮೂಲದ ಮೇಲಿನ ಗೌರವದಿಂದಲೇ ಆ ಪ್ರಶ್ನೆ ಹುಟ್ಟುತ್ತದೆ.

ಈಗ ಪಟ್ಟಿಗೆ ಬರೋಣ. ಹೊಸ ಅನುವಾದಗಳಲ್ಲಿ ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಇಳಿಯುವ ಪೂರ್ಣ ವಚನಗಳು 16. ಮತ್ತಾಯ 17:21, 18:11, 23:14, ಮಾರ್ಕ 7:16, 9:44, 9:46, 11:26, 15:28, ಲೂಕ 17:36, 23:17, ಯೋಹಾನ 5:4, ಅಪೊಸ್ತಲರ ಕೃತ್ಯಗಳು 8:37, 15:34, 24:7, 28:29, ರೋಮಾಪುರದವರಿಗೆ 16:24. ಈ ಹದಿನಾರರಲ್ಲಿ ಹನ್ನೊಂದರ ಮಾತು ಹೊಸ ಒಡಂಬಡಿಕೆಯಲ್ಲೇ ಬೇರೆ ಕಡೆ, ಬಹುಮಟ್ಟಿಗೆ ತಕರಾರಿಲ್ಲದೆ, ಇದ್ದೇ ಇದೆ. ಮತ್ತಾಯ 18:11 ಬೇಕೆಂದರೆ ಲೂಕ 19:10 ನೋಡಿ. ಮಾರ್ಕ 11:26ರ ಮಾತು ಮತ್ತಾಯ 6:15ರಲ್ಲಿದೆ, ಮಾರ್ಕ 15:28ರದ್ದು ಲೂಕ 22:37ರಲ್ಲಿ. ಮಾರ್ಕ 9ರಲ್ಲಂತೂ 44, 46, 48 ಮೂರೂ ಒಂದೇ ವಾಕ್ಯ, ಪಲ್ಲವಿಯ ಹಾಗೆ. ಹಳೆಯ ಪ್ರತಿಗಳಲ್ಲಿ ಅದು 48ರಲ್ಲಿ ಒಮ್ಮೆ ಮಾತ್ರ ಬರುತ್ತದೆ.

ಹೀಗಾಗುವುದಕ್ಕೆ ಕಾರಣ ನಕಲು ಮಾಡುವವನ ಭಕ್ತಿ ಮತ್ತು ನೆನಪು. ನಾಲ್ಕೂ ಸುವಾರ್ತೆಗಳನ್ನು ಬಾಯಿಪಾಠ ಮಾಡಿದ ಸನ್ಯಾಸಿ ಮತ್ತಾಯನನ್ನು ಬರೆಯುವಾಗ ಮಾರ್ಕನ ವಾಕ್ಯ ತಾನಾಗಿ ಕೈಗೆ ಬರುತ್ತದೆ. ‘ಇಲ್ಲಿ ಯಾರೋ ಬಿಟ್ಟಿದ್ದಾರೆ’ ಎಂದುಕೊಂಡು ತುಂಬುತ್ತಾನೆ. ಬಿಡುವುದಕ್ಕೆ ಹೆದರುವವನು ಸೇರಿಸುತ್ತಾನೆ, ಹೀಗಾಗಿ ಶತಮಾನಗಳು ಕಳೆದಂತೆ ಪಾಠ ಬೆಳೆಯುವುದೇ ಹೆಚ್ಚು.

ಉಳಿದ ಐದರಲ್ಲಿ ಯೋಹಾನ 5:4ನ್ನು ಹತ್ತಿರದಿಂದ ನೋಡಬೇಕು. ಬೇತ್ಸಥಾ ಕೊಳದ ಬಳಿ 38 ವರ್ಷ ಕಾಯಿಲೆ ಬಿದ್ದವನು 7ನೇ ವಚನದಲ್ಲಿ, ನೀರು ಉಕ್ಕಿದಾಗ ತನ್ನನ್ನು ಇಳಿಸುವವರಿಲ್ಲ ಎನ್ನುತ್ತಾನೆ. ನೀರು ಯಾಕೆ ಉಕ್ಕಬೇಕು? ಓದುಗನಿಗೆ ಅದು ತಿಳಿಯದು. ದೇವದೂತನು ಇಳಿದು ನೀರು ಕಲಕುತ್ತಿದ್ದ, ಮೊದಲು ಇಳಿದವನಿಗೆ ವಾಸಿಯಾಗುತ್ತಿತ್ತು ಎಂಬ ವಿವರಣೆಯನ್ನು ಯಾರೋ ಅಂಚಿನಲ್ಲಿ ಬರೆದಿಟ್ಟರು. ಮುಂದಿನ ನಕಲುಗಾರ ಅದನ್ನು ಬಿಟ್ಟುಹೋದ ಸಾಲೆಂದು ತಿಳಿದು ಒಳಗೆ ಸೇರಿಸಿದ. 3ನೇ ವಚನದ ಕೊನೆಯ ತುಂಡೂ ಇದರ ಜತೆಗೆ ಬಂದದ್ದೇ. ಕ್ರಿ.ಶ. 200ರ ಆಸುಪಾಸಿನವೆಂದು ಎಣಿಸಲಾದ ಎರಡು ಪಪೈರಸ್ ಪ್ರತಿಗಳಲ್ಲಿ, ಸೀನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಈ ವಚನ ಇಲ್ಲ. ಇನ್ನೂ ಒಂದು ಸಾಕ್ಷಿ: ವಚನ ಇರುವ ಗ್ರೀಕ್ ಪ್ರತಿಗಳಲ್ಲೇ ಇಪ್ಪತ್ತಕ್ಕೂ ಹೆಚ್ಚು ಕಡೆ ನಕಲುಗಾರರು ಅದರ ಪಕ್ಕದಲ್ಲಿ ಅನುಮಾನದ ಗುರುತು ಹಾಕಿದ್ದಾರೆ. ಬರೆದವರೇ ಎಚ್ಚರಿಸಿದ್ದಾರೆ. ಅಪೊಸ್ತಲರ ಕೃತ್ಯಗಳು 15:34ರದ್ದೂ ಇದೇ ಕತೆ. 33ರಲ್ಲಿ ಸೀಲನು ಅಂತಿಯೋಕ್ಯದಿಂದ ಹೊರಟುಹೋದ, 40ರಲ್ಲಿ ಪೌಲ ಅಲ್ಲೇ ಅವನನ್ನು ಆರಿಸಿಕೊಂಡ. ಈ ತೊಡಕು ಬಿಡಿಸಲು ‘ಸೀಲನು ಅಲ್ಲೇ ಉಳಿದ’ ಎಂಬ ಸಾಲು ಬಂತು.

‘ಹಾಗಾದರೆ ಹೊಸಬರು ಯಾವಾಗಲೂ ಕಡಿಮೆ ಮಾಡುವವರೇ’ ಎನ್ನುವವರು 1 ಯೋಹಾನ 2:23 ತೆರೆಯಲಿ. ಮಗನನ್ನು ಅಲ್ಲಗಳೆಯುವವನಿಗೆ ತಂದೆಯೂ ಇಲ್ಲ, ಮಗನನ್ನು ಒಪ್ಪಿಕೊಳ್ಳುವವನಿಗೆ ತಂದೆಯೂ ಉಂಟು ಎಂಬುದು ಅದರ ತಾತ್ಪರ್ಯ. ಗ್ರೀಕಿನಲ್ಲಿ ಎರಡೂ ಅರ್ಧಗಳ ಕೊನೆಯ ಮೂರು ಪದ ಒಂದೇ: ‘ತೋನ್ ಪತೆರ ಎಖೆಯಿ’. ಮೊದಲ ಅರ್ಧ ಬರೆದು ತಲೆಯೆತ್ತಿದ ನಕಲುಗಾರನ ಕಣ್ಣು ಮತ್ತೆ ಪುಟಕ್ಕೆ ಬಂದಾಗ ಎರಡನೆಯ ‘ಎಖೆಯಿ’ ಮೇಲೆ ಬಿತ್ತು, ನಡುವಿನದು ಹಾರಿಹೋಯಿತು. ಎರಾಸ್ಮಸ್ ಪರಂಪರೆಯ ಅಚ್ಚಿನ ಪಾಠದಲ್ಲಿ ಈ ಎರಡನೆಯ ಅರ್ಧ ಇರಲಿಲ್ಲ. 1611ರವರು ಅದನ್ನು ಬೇರೆ ಬಗೆಯ ಅಕ್ಷರದಲ್ಲಿ ಅಚ್ಚು ಹಾಕಿ ತಮ್ಮ ಅನುಮಾನ ತೋರಿಸಿದರು. ಇಂದಿನ ಗ್ರೀಕ್ ಪಾಠದಲ್ಲಿ ಅದು ಯಾವ ಗುರುತೂ ಇಲ್ಲದೆ ಒಳಗಿದೆ. ಹಳೆಯ ಪ್ರತಿಗಳನ್ನು ನೋಡಿದ್ದರಿಂದ ಒಂದು ಅರ್ಧ ವಚನ ಮರಳಿ ಸಿಕ್ಕಿತು. ವಾಟ್ಸ್‌ಆ್ಯಪ್ ಪಟ್ಟಿಗಳಲ್ಲಿ ಇದು ಇರುವುದಿಲ್ಲ.

ಮನೆಯಲ್ಲಾಗಲಿ ಬೈಬಲ್ ಸ್ಟಡಿಯಲ್ಲಾಗಲಿ ಒಂದು ವಚನ ಪರೀಕ್ಷಿಸಲು ಅರ್ಧ ಗಂಟೆ ಸಾಕು. ಮೊದಲು ನಿಮ್ಮ ಪ್ರತಿಯ ಮುನ್ನುಡಿ ಓದಿ. ಆವರಣ ಚಿಹ್ನೆ, ನಕ್ಷತ್ರ ಗುರುತು ಏನನ್ನು ಸೂಚಿಸುತ್ತವೆಂದು ಅಲ್ಲಿ ಬರೆದಿರುತ್ತದೆ. ಆಮೇಲೆ ಅಡಿಟಿಪ್ಪಣಿ. ನಂತರ ಸಮಾನಾಂತರ ಭಾಗ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಕೊನೆಗೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಎರಡು ಪಾಠಗಳಲ್ಲಿ ಯಾವುದು ಮೊದಲು ಇದ್ದಿದ್ದರೆ ಇನ್ನೊಂದು ಹುಟ್ಟಿದ್ದು ಸಹಜವಾಗಿ ಅರ್ಥವಾಗುತ್ತದೆ? ತಪ್ಪುವುದು ಇಲ್ಲಿಯೇ. ‘ಚಿಕ್ಕದೇ ಮೂಲ’ ಎಂದು ಕಣ್ಣುಮುಚ್ಚಿ ಹಿಡಿದರೆ 1 ಯೋಹಾನ 2:23ರಲ್ಲಿ ಎಡವುತ್ತೀರಿ. ‘ಹೆಚ್ಚು ಪ್ರತಿಗಳಲ್ಲಿದೆ’ ಎಂಬ ವಾದವೂ ನಿಲ್ಲದು. ಒಂದೇ ತಾಯಿಪ್ರತಿಯಿಂದ ನೂರು ನಕಲಾದರೆ ಸಾಕ್ಷಿ ಒಂದೇ.

ಪ್ರಸಂಗ ಮಾಡುವವರಿಗೆ ಒಂದು ಬೇಡಿಕೆ. ಲೆಂಟ್ ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ವ್ರತದ ದಿನಗಳಲ್ಲಿ) ಉಪವಾಸದ ಬಗ್ಗೆ ಹೇಳಲು ಮತ್ತಾಯ 17:21ನ್ನೇ ಹಿಡಿಯಬೇಡಿ. ಮಾರ್ಕ 9:29ರಲ್ಲೂ ‘ಉಪವಾಸ’ ಎಂಬ ಪದ ಕೆಲವು ಪ್ರತಿಗಳಲ್ಲಿ ಇಲ್ಲ. ಮತ್ತಾಯ 6:16ರಿಂದ 18, ಅಪೊಸ್ತಲರ ಕೃತ್ಯಗಳು 13:2 ಮತ್ತು 3 ಗಟ್ಟಿ ನೆಲ. ಮಾರ್ಕ 16:9ರಿಂದ 20ರವರೆಗಿನ ಹನ್ನೆರಡು ವಚನ ಸೀನಾಯ್, ವ್ಯಾಟಿಕನ್ ಎರಡರಲ್ಲೂ ಇಲ್ಲ. ವ್ಯಾಟಿಕನ್ ಪ್ರತಿಯ ಲಿಪಿಕಾರ 16:8ರ ನಂತರ ಒಂದು ಅಂಕಣವನ್ನೇ ಖಾಲಿ ಬಿಟ್ಟಿದ್ದಾನೆ. ಸಭೆ ಈ ಭಾಗವನ್ನು ಎರಡನೇ ಶತಮಾನದಿಂದಲೂ ಓದಿದೆ, ಓದಲಿ. ಆದರೆ ಹಾವು ಹಿಡಿಯುವ, ವಿಷ ಕುಡಿಯುವ ಮಾತನ್ನು ಅಲ್ಲಿಂದ ಎತ್ತಿ ಜನರ ಜೀವದ ಮೇಲೆ ಪ್ರಯೋಗ ಮಾಡಬಾರದು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ, ಯೋಹಾನ 7:53ರಿಂದ 8:11, ಹಳೆಯ ಪ್ರತಿಗಳಲ್ಲಿಲ್ಲ. ಕೆಲವು ಪ್ರತಿಗಳಲ್ಲಿ ಅದು ಲೂಕ 21:38ರ ನಂತರ ಕುಳಿತಿದೆ, ಕೆಲವದರಲ್ಲಿ ಯೋಹಾನನ ಕೊನೆಯಲ್ಲಿ. ಜಾಗ ಗೊತ್ತಿಲ್ಲದಿದ್ದರೂ ಬಿಡಲು ಮನಸ್ಸಿಲ್ಲದೆ ಉಳಿಸಿಕೊಂಡ ಭಾಗ ಅದು. ಇದನ್ನು ಸಭೆಗೆ ಹಾಗೆಯೇ ಹೇಳಿದರೆ ಜನ ಗಾಬರಿಯಾಗುವುದಿಲ್ಲ. ಯಾರೂ ಹೇಳದೆ ಇದ್ದು, ಒಂದು ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಓದಿದಾಗ ಗಾಬರಿಯಾಗುತ್ತಾರೆ.

ಪ್ರಕಾಶಕರಲ್ಲಿ ಮತ್ತು ಆ್ಯಪ್ ಮಾಡುವವರಲ್ಲಿ ವಿನಂತಿ: ಕಿಸೆ ಗಾತ್ರದ ಅಗ್ಗದ ಮುದ್ರಣಗಳಲ್ಲಿ ಕಾಗದ ಉಳಿಸಲೆಂದು ಅಡಿಟಿಪ್ಪಣಿ ತೆಗೆಯಬೇಡಿ. ಅಂಕಿ ಖಾಲಿ ಇರುವ 16 ಕಡೆಯಾದರೂ ಒಂದು ಸಾಲು ಇರಲಿ, ಮತ್ತಾಯ 17:21ಕ್ಕೆ ಹೀಗೆ: ‘ಕೆಲವು ಹಳೆಯ ಪ್ರತಿಗಳಲ್ಲಿ ಈ ವಚನ ಇಲ್ಲ, ಮಾರ್ಕ 9:29 ನೋಡಿ.’ ಇಷ್ಟೇ ಸಾಕು. ಓದುಗರೂ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅಡಿಟಿಪ್ಪಣಿ ತೋರಿಸುವ ಆಯ್ಕೆ ಇದೆಯೇ ನೋಡಿ, ಇದ್ದರೆ ಆನ್ ಮಾಡಿಕೊಳ್ಳಲಿ. ತಮ್ಮ ಪತ್ರಿಕೆಯೂ ಬೈಬಲಿನ ವಾಕ್ಯ ಪ್ರಕಟಿಸುವಾಗ ಅಧ್ಯಾಯ, ವಚನದ ಜತೆಗೆ ಯಾವ ಅನುವಾದದಿಂದ ತೆಗೆದದ್ದು ಎಂದು ಕೆಳಗೆ ಒಂದು ಸಣ್ಣ ಸಾಲು ಹಾಕಬೇಕೆಂದು ಕೋರುತ್ತೇವೆ.

ಇಂತಿ,
ಸತ್ಯವೇದ ಪಾಠ ನಡೆಸುವ ಶಿಕ್ಷಕರು,
ಧಾರವಾಡ