ಕಬ್ಬಿನ ಟ್ರೇಲರ್‌ಗೆ ಹಳೇ ಟೈರ್ ಬೇಡ

ಮಾನ್ಯರೇ,

ಕಬ್ಬು ಅರೆಯುವ ಕಾಲ ಬಂತೆಂದರೆ ನಮ್ಮ ಮಂಡ್ಯ ಕಡೆ ಟ್ರೇಲರ್‌ಗಳಿಗೆ ಟೈರ್ ಹಾಕಿಸುವ ಭರಾಟೆ. ಲಾರಿಯಿಂದ ಬಿಚ್ಚಿದ್ದೋ, ರೀಸೋಲ್ ಮಾಡಿದ್ದೋ (ಸವೆದ ಟೈರಿಗೆ ಮೇಲೆ ಹೊಸ ರಬ್ಬರ್ ಹಾಕಿದ್ದು), ಗ್ರಿಪ್ ಇದ್ದರೆ ಸಾಕು ಅನ್ನುತ್ತಾರೆ. ಆದರೆ ಟ್ರೇಲರ್ ಟೈರು ಓಡಿ ಸವೆಯುವುದಕ್ಕಿಂತ ತಿಂಗಳುಗಟ್ಟಲೆ ಹಿತ್ತಲಲ್ಲಿ ಬಿಸಿಲಿಗೆ ನಿಂತೇ ಹಾಳಾಗುವುದು ಹೆಚ್ಚು. ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ, ಬಗ್ಗಿ ನೋಡಿದರಷ್ಟೇ ಕಾಣುವುದು. ಅಲ್ಲೇ ತಯಾರಿಕೆಯ ನಾಲ್ಕಂಕಿ ಇರುತ್ತದೆ: 2319 ಎಂದರೆ 2019ರ 23ನೇ ವಾರದ್ದು. ಹೊಸ ಟೈರಾದರೂ ಇದನ್ನು ಓದಿಯೇ ಹಣ ಕೊಡಿ. ಎಷ್ಟು ಭಾರ ತಡೆಯುತ್ತದೆ ಎಂಬುದನ್ನೂ ಕೇಳಿ.

ಇಂಥ ಟೈರು ಸಿಡಿದು ತುಂಬಿದ ಟ್ರೇಲರ್ ಮಗುಚಿದರೆ ಪಕ್ಕದ ಬೈಕಿನವರ ಗತಿಯೇನು? ಕಾರ್ಖಾನೆಯವರು ವೇಬ್ರಿಡ್ಜ್‌ನಲ್ಲಿ ತೂಕದ ಜೊತೆ ಟೈರನ್ನೂ ನೋಡಲಿ, ಬಿರುಕು ಬಿಟ್ಟಿದ್ದರೆ ಮುಂದಿನ ಲೋಡಿಗೆ ಮೊದಲೇ ಬದಲಿಸಲು ಹೇಳಲಿ.

– ಟ್ರ್ಯಾಕ್ಟರ್ ಮಾಲೀಕ, ಮದ್ದೂರು ತಾಲ್ಲೂಕು